ಮೈದಾನದಲ್ಲಿ ಉಳಿದ ಮೊಳೆಗಳು

ಹೋದ ಮಂಗಳವಾರ ಸಂಜೆ ದಾವಣಗೆರೆಯ ನಮ್ಮ ಏರಿಯಾದ ಮೈದಾನದಲ್ಲಿ ಖೋ-ಖೋ ಆಡುತ್ತಿದ್ದ ಹುಡುಗಿಯೊಬ್ಬಳ ಕಾಲಿಗೆ ಮೊಳೆ ಚುಚ್ಚಿತು. ಏಳನೇ ಕ್ಲಾಸಿನ ಹುಡುಗಿ. ಬರಿಗಾಲಲ್ಲಿ ಓಡುತ್ತಿದ್ದಳು. ಕಂಬ ಹಿಡಿದು ತಿರುಗುವಾಗ ಹಾಗೇ ಕುಸಿದು ಕೂತಳು. ಕಾಲು ಉಳುಕಿರಬೇಕು ಅಂದುಕೊಂಡು ಹತ್ತಿರ ಹೋಗಿ ಪಾದ ಎತ್ತಿ ನೋಡಿದೆ. ಎರಡು ಇಂಚಿನ ತುಕ್ಕು ಹಿಡಿದ ಮೊಳೆ, ಹೆಬ್ಬೆರಳ ಬುಡದ ಮೆತ್ತನೆ ಜಾಗದಲ್ಲಿ ಅರ್ಧ ಒಳಗೆ ಹೋಗಿತ್ತು. ಮೊಳೆಯ ತಲೆಗೆ ಕೆಂಪು ಕಾರ್ಪೆಟ್ಟಿನ ಒಂದೆರಡು ಎಳೆ ಇನ್ನೂ ಸುತ್ತಿಕೊಂಡಿತ್ತು.

ಎರಡು ವಾರದ ಹಿಂದೆ ಅಲ್ಲಿ ಒಂದು ಸಮಾವೇಶ ಆಗಿತ್ತು. ಯಾವ ಪಕ್ಷ ಅಂತ ಬರೆಯುವುದಿಲ್ಲ. ಬರೆದರೆ ಜಗಳ ಅದರ ಮೇಲೇ ಶುರುವಾಗುತ್ತದೆ, ಹುಡುಗಿಯ ಕಾಲು ಮರೆತೇ ಹೋಗುತ್ತದೆ. ಹೋದ ವರ್ಷ ಬೇರೆ ಪಕ್ಷದ್ದು ಆಗಿತ್ತು. ಆಗಲೂ ಪೆಂಡಾಲಿನ ಗುಂಡಿ ಮುಚ್ಚಿದವರು ನಾವೇ, ಜಲ್ಲಿ ಆರಿಸಿದವರೂ ನಾವೇ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಕೊಡಿಸಿದೆವು. ಅಷ್ಟು ಹೊತ್ತಿಗೆ ಅವಳ ತಾಯಿ ಮಂಡಕ್ಕಿ ಭಟ್ಟಿಯಿಂದ ಓಡಿ ಬಂದರು. ಸೀರೆ ತುಂಬಾ ಬೂದಿ, ಹೊಟ್ಟು. ಮಗಳ ತಲೆ ಸವರಿದರು, ಬೈಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು, "ಸಾಕು ಬಿಡ್ರಿ ಅಣ್ಣಾರೇ, ಇನ್ಮೇಲೆ ಆಟಕ್ಕೆ ಕಳ್ಸಲ್ಲ. ಕಾಲಿಗೆ ಏನಾದ್ರೂ ಆದ್ರೆ ಯಾರು ನೋಡ್ತಾರ?"

ಅವರಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಕೋಚ್ ಅಲ್ಲ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದು, ಹೈಸ್ಕೂಲಿನಲ್ಲಿ ಖೋ-ಖೋ ಆಡಿ, ಚಿತ್ರದುರ್ಗಕ್ಕೆ ಜಿಲ್ಲಾ ಮಟ್ಟಕ್ಕೆ ಹೋಗಿ ಸೋತು ಬಂದವನು. ಈಗ ಇಲ್ಲಿ ಸಂಜೆ ಕೆಲಸ ಮುಗಿದ ಮೇಲೆ ಓಣಿಯ ಮಕ್ಕಳಿಗೆ ಸುಣ್ಣದ ಗೆರೆ ಹಾಕಿಕೊಡುತ್ತೇನೆ, ಸೀಟಿ ಊದುತ್ತೇನೆ, ಅಷ್ಟೇ.

ಮೊಳೆ ಚುಚ್ಚಿದ ರಾತ್ರಿ ಊಟ ಮಾಡಿ ಫೋನ್ ನೋಡುತ್ತಾ ಕೂತಿದ್ದೆ. 2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದಿಗೆ ಬಂದಿದೆ, 2036ರ ಒಲಿಂಪಿಕ್ಸ್ ಕೂಡ ನಮಗೇ ಬೇಕು ಅಂತ ಭಾರತ ಕೇಳಿದೆ ಅನ್ನುವ ವಿಡಿಯೊ. ಹಿಂದೆ ಡೋಲು, ಬಾವುಟ. ನನಗೆ ಒಲಿಂಪಿಕ್ಸ್ ಅಂದರೆ ಕೋಪ ಇಲ್ಲ. ನೀರಜ್ ಚೋಪ್ರಾ ಟೋಕಿಯೊದಲ್ಲಿ ಜಾವೆಲಿನ್ ಎಸೆದ ದಿನ ನಮ್ಮ ಮಂಡಿಯಲ್ಲಿ ತಕ್ಕಡಿ ನಿಲ್ಲಿಸಿ ಎಲ್ಲರೂ ಒಂದೇ ಮೊಬೈಲಿನ ಮುಂದೆ ನಿಂತಿದ್ದೆವು, ನನ್ನ ಕಣ್ಣು ತುಂಬಿತ್ತು. ಆದರೆ ಆ ವಿಡಿಯೊಗೂ ನನ್ನ ಜೇಬಿನಲ್ಲಿದ್ದ ಆ ಮೊಳೆಗೂ ಏನೋ ಸಂಬಂಧ ಇದೆ ಅಂತ ಅನ್ನಿಸಿತು. ಆ ಸಂಬಂಧದ ಹೆಸರೇ ಕ್ರೀಡಾ ನೀತಿ.

"ಕ್ರೀಡೆಯಲ್ಲಿ ರಾಜಕೀಯ ಬೇಡ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಈಗ ಹೇಳಲ್ಲ. ಸರ್ಕಾರದ ದುಡ್ಡು ಎಲ್ಲಿ ಹೋಗಬೇಕು, ಮೈದಾನ ಯಾರಿಗೆ ಸಿಗಬೇಕು, ಆಟ ಯಾಕೆ ಬೇಕು ಅನ್ನುವುದನ್ನು ನಿರ್ಧರಿಸುವುದೇ ರಾಜಕೀಯ ಅಲ್ವಾ? ಪ್ರತಿ ಕ್ರೀಡಾ ನೀತಿಯ ಹಿಂದೆ ಒಂದು ಸಿದ್ಧಾಂತ ಇದ್ದೇ ಇರುತ್ತದೆ. ಅದನ್ನು ಬಚ್ಚಿಟ್ಟುಕೊಂಡು "ನಾವು ದೇಶಕ್ಕಾಗಿ" ಅಂದರೆ ನಮಗೆ ಕೇಳುವ ಹಕ್ಕೇ ಇಲ್ಲದಂತಾಗುತ್ತದೆ.

ಒಂದು ವಿಷಯ ಗಮನಿಸಿ. ಹಿಂದಿನ ರಾಷ್ಟ್ರೀಯ ಕ್ರೀಡಾ ನೀತಿ ಬಂದಿದ್ದು 2001ರಲ್ಲಿ, ವಾಜಪೇಯಿಯವರ ಸರ್ಕಾರ ಇದ್ದಾಗ. ಅದರಲ್ಲಿ ಎರಡು ಗುರಿ ಇತ್ತು. ಮೊದಲನೆಯದು ಕ್ರೀಡೆಯ ತಳಹದಿಯನ್ನು ಹರಡುವುದು, ಅಂದರೆ ಆಡುವವರ ಸಂಖ್ಯೆ ಜಾಸ್ತಿ ಮಾಡುವುದು. ಎರಡನೆಯದು ರಾಷ್ಟ್ರ ಮಟ್ಟ, ಅಂತರರಾಷ್ಟ್ರೀಯ ಮಟ್ಟದಲ್ಲಿ ಗೆಲ್ಲುವುದು. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಹೊಸ ನೀತಿಗೆ 'ಖೇಲೋ ಭಾರತ್ ನೀತಿ' ಅಂತ ಹೆಸರು. ಅದಕ್ಕೆ ಐದು ಕಂಬ. ಮೊದಲನೇ ಕಂಬ ಜಗತ್ತಿನ ವೇದಿಕೆಯಲ್ಲಿ ಶ್ರೇಷ್ಠತೆ. ಎರಡನೆಯದು ಆರ್ಥಿಕ ಅಭಿವೃದ್ಧಿ. ಮೂರನೆಯದು ಸಾಮಾಜಿಕ ಅಭಿವೃದ್ಧಿ. ಕ್ರೀಡೆ ಜನರ ಚಳವಳಿ ಆಗಬೇಕು ಅನ್ನುವುದು ನಾಲ್ಕನೆಯದು. ಶಾಲೆ, ಶಿಕ್ಷಣ ಕೊನೆಗೆ.

ಸುಮ್ನೆ ಕ್ರಮ ಅಷ್ಟೇ, ಅದರಲ್ಲೇನಿದೆ ಅಂತ ಕೆಲವರು ಹೇಳಬಹುದು. ಮದುವೆ ಮನೆಯಲ್ಲಿ ಯಾರನ್ನು ಮೊದಲ ಪಂಕ್ತಿಗೆ ಕೂರಿಸುತ್ತಾರೆ, ಯಾರನ್ನು ಕೊನೆಯ ಪಂಕ್ತಿಗೆ ಕೂರಿಸುತ್ತಾರೆ ಅನ್ನುವುದು ನಮಗೆಲ್ಲ ಗೊತ್ತು. ಕೊನೆಯ ಪಂಕ್ತಿಗೆ ಪಾಯಸ ಉಳಿದಿರುತ್ತದಾ? ಒಂದೇ ಪಕ್ಷದ ಇಬ್ಬರು ಪ್ರಧಾನಿಗಳು, ನಡುವೆ 24 ವರ್ಷ. ಮೊದಲ ಪಂಕ್ತಿಯಲ್ಲಿದ್ದ ಓಣಿಯ ಮಕ್ಕಳು ನಾಲ್ಕನೇ ಪಂಕ್ತಿಗೆ ಹೋದರು. ಪದಕ ಎದ್ದು ಬಂದು ಮೊದಲ ಎಲೆಯಲ್ಲಿ ಕೂತಿತು.

ಕಾಂಗ್ರೆಸ್ಸಿನವರು ಇದನ್ನು ಓದಿ ಖುಷಿ ಪಡುವುದೂ ಬೇಡ. 1982ರ ಏಷ್ಯನ್ ಗೇಮ್ಸ್‌ಗೆ ದೆಹಲಿಯಲ್ಲಿ ನೆಹರೂ ಕ್ರೀಡಾಂಗಣ, ಇಂದಿರಾ ಕ್ರೀಡಾಂಗಣ ಎದ್ದು ನಿಂತವು. ದೇಶದ ಮೊದಲ ಕ್ರೀಡಾ ನೀತಿ ಬಂದಿದ್ದು ಅದಾದ ಮೇಲೆ, 1984ರಲ್ಲಿ. ಅಂದರೆ ಮೊದಲು ಹಬ್ಬ, ಆಮೇಲೆ ಅಡುಗೆ ಮನೆ. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ 38 ಚಿನ್ನ, ಒಟ್ಟು 101 ಪದಕ ಬಂತು. ನಮ್ಮ ಕರ್ನಾಟಕದ ಅಶ್ವಿನಿ ಅಕ್ಕುಂಜಿ ರಿಲೇಯಲ್ಲಿ ಓಡಿದ ಓಟ ಯಾರು ಮರೆಯುತ್ತಾರೆ? ಆದರೆ ಮರು ವರ್ಷ ಆ ಗೇಮ್ಸಿನ ಸಂಘಟನಾ ಸಮಿತಿಯ ಮುಖ್ಯಸ್ಥರಾಗಿದ್ದ ಸುರೇಶ್ ಕಲ್ಮಾಡಿ ಜೈಲಿಗೆ ಹೋದರು. ಈಗಿನ ಕೇಂದ್ರ ಸರ್ಕಾರದವರು ಖೇಲ್ ರತ್ನ ಪ್ರಶಸ್ತಿಯಿಂದ ರಾಜೀವ್ ಗಾಂಧಿ ಹೆಸರು ತೆಗೆದು ಧ್ಯಾನ್ ಚಂದ್ ಹೆಸರು ಇಟ್ಟರು, ಒಳ್ಳೆಯದೇ. ಅದೇ ವರ್ಷ, 2021ರಲ್ಲಿ, ಅಹಮದಾಬಾದಿನ ಮೊಟೇರಾ ಕ್ರೀಡಾಂಗಣಕ್ಕೆ ಇನ್ನೂ ಅಧಿಕಾರದಲ್ಲಿರುವ ಪ್ರಧಾನಿಯ ಹೆಸರು ಬಂತು. ಈ ವಿಷಯದಲ್ಲಿ ಚಿತ್ರದುರ್ಗದ ಬಗ್ಗೆ ನನಗೆ ಹೆಮ್ಮೆ ಇದೆ. ಅಲ್ಲಿನ ಕ್ರೀಡಾಂಗಣದ ಹೆಸರು ಒನಕೆ ಓಬವ್ವ.

ಎಲ್ಲ ನೀತಿಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ಗ್ರಾಮ ಪಂಚಾಯಿತಿಗೊಂದು ಮೈದಾನ ಅನ್ನುವ ಆಸೆ ಇಟ್ಟುಕೊಂಡು 'ಪೈಕಾ' ಅಂತ ಒಂದು ಯೋಜನೆ ಬಂತು. ನಮ್ಮ ಕಡೆಯ ಪಿಟಿ ಮೇಷ್ಟ್ರುಗಳು ಈಗಲೂ ಪೈಕಾ ಪೈಕಾ ಅಂತ ನೆನೆಸಿಕೊಳ್ಳುತ್ತಾರೆ. 2014ರಲ್ಲಿ ಅದೇ ಕೇಂದ್ರ ಸರ್ಕಾರ ಅದರ ಹೆಸರು ಬದಲಿಸಿ ಪಂಚಾಯಿತಿಯಿಂದ ತಾಲ್ಲೂಕಿಗೆ ಎತ್ತಿತು. ಆಮೇಲೆ ಬಂದ ಸರ್ಕಾರ ಅದನ್ನು ಖೇಲೋ ಇಂಡಿಯಾ ಅನ್ನುವ ತನ್ನ ಯೋಜನೆಯಲ್ಲಿ ಸೇರಿಸಿತು. ಈಗ ಅದರ ತರಬೇತಿ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿ. 2025-26ರ ಬಜೆಟ್ಟಿನಲ್ಲಿ ಖೇಲೋ ಇಂಡಿಯಾಗೆ 1,000 ಕೋಟಿ ಇಟ್ಟರು, ಅದು ಸಣ್ಣ ದುಡ್ಡೇನಲ್ಲ. ಆದರೆ ಪಂಚಾಯಿತಿ, ತಾಲ್ಲೂಕು, ಜಿಲ್ಲೆ ಅಂತ ಆಟ ಮೇಲೆ ಮೇಲೆ ಹೋಯಿತು. ಮಕ್ಕಳು ಕೆಳಗೇ ಉಳಿದರು. ಜಗಳೂರಿನ ಯಾವುದೋ ಹಳ್ಳಿಯ ಹುಡುಗಿ ದಿನಾ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬಂದು ಓಡಿ ಹೋಗುತ್ತಾಳಾ?

ಪದಕವೇ ಮುಖ್ಯ ಅಂತ ಹೊರಟ ದೇಶಗಳಲ್ಲಿ ಏನಾಯಿತು ನೋಡಿ. ಪೂರ್ವ ಜರ್ಮನಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 40 ಚಿನ್ನ ಗೆದ್ದಿತು, ಅಮೆರಿಕಾಕ್ಕೆ 34. ನಮ್ಮ ಕರ್ನಾಟಕಕ್ಕಿಂತ ಎಷ್ಟೋ ಕಡಿಮೆ ಜನ ಇದ್ದ ದೇಶ ಅದು. ನಮ್ಮ ಕಮ್ಯುನಿಸ್ಟ್ ವ್ಯವಸ್ಥೆ ಎಷ್ಟು ದೊಡ್ಡದು ನೋಡಿ ಅಂತ ತೋರಿಸುವ ಹಟ. ಬರ್ಲಿನ್ ಗೋಡೆ ಬಿದ್ದ ಮೇಲೆ ಕಾಗದ ಪತ್ರ ಹೊರಗೆ ಬಂದವು. ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯರಿಗೆ ವಿಟಮಿನ್ ಅಂತ ಹೇಳಿ ಸರ್ಕಾರವೇ ಹಾರ್ಮೋನ್ ಮಾತ್ರೆ ನುಂಗಿಸಿತ್ತು. ಅವರಲ್ಲಿ ಎಷ್ಟೋ ಜನ ಜೀವನ ಪೂರ್ತಿ ಅದರ ಕಷ್ಟ ಅನುಭವಿಸಿದರು.

ಅದು ಕಮ್ಯುನಿಸಂ ಬಿಡಿ ಅನ್ನುತ್ತೀರಾ? ಬ್ರಿಟನ್ ನೋಡಿ. 1996ರ ಅಟ್ಲಾಂಟಾದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಚಿನ್ನ. ಮರ್ಯಾದೆ ಹೋಯಿತು ಅಂತ ಲಾಟರಿ ದುಡ್ಡು ಸುರಿದರು, 2012ರ ಲಂಡನ್ನಿನಲ್ಲಿ 29 ಚಿನ್ನ ಬಂತು. ಯಾವ ಆಟದಿಂದ ಪದಕ ಬರುತ್ತದೋ ಅದಕ್ಕೆ ದುಡ್ಡು, ಇಲ್ಲದಿದ್ದರೆ ಇಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಕಂಚು ಗೆದ್ದು ಬಂದರೂ ಮುಂದಿನ ಒಲಿಂಪಿಕ್ಸ್‌ಗೆ ಆ ಆಟದ ದುಡ್ಡು ಕಿತ್ತುಕೊಂಡರು. ಅದು ಷೇರು ಪೇಟೆಯ ಸಿದ್ಧಾಂತ. ಒಂದು ಕಡೆ ಆಳುವವರ ಪ್ರತಿಷ್ಠೆ, ಇನ್ನೊಂದು ಕಡೆ ಬಂಡವಾಳದ ಲೆಕ್ಕ. ಎರಡರಲ್ಲೂ ಸುಮ್ಮನೆ ಆಡುವ ಮಗುವಿಗೆ ಜಾಗ ಇಲ್ಲ.

ನಾರ್ವೆಯವರು ಬೇರೆ ದಾರಿ ಹಿಡಿದರು. ಅಲ್ಲಿ ಮಕ್ಕಳ ಕ್ರೀಡೆಗೇ ಅಂತ ಹಕ್ಕುಗಳ ಪಟ್ಟಿ ಇದೆ. ಚಿಕ್ಕ ಮಕ್ಕಳಿಗೆ ರ‍್ಯಾಂಕ್ ಪಟ್ಟಿ ಹಾಕುವ ಹಾಗಿಲ್ಲ, ಹನ್ನೆರಡರ ಒಳಗಿನವರನ್ನು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಎಳೆದುಕೊಂಡು ಹೋಗುವ ಹಾಗಿಲ್ಲ. ಎಲ್ಲರೂ ಆಡಲಿ, ಮಗುವಿಗೆ ಖುಷಿ ಆಗಲಿ, ಅಷ್ಟೇ. ಅಂಥ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲನೇ ಸ್ಥಾನದಲ್ಲಿತ್ತು. ನಾವು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 117 ಜನರನ್ನು ಕಳಿಸಿದೆವು, ಆರು ಪದಕ ಬಂದವು, ಚಿನ್ನ ಒಂದೂ ಇಲ್ಲ. ಅವರದು ಶ್ರೀಮಂತ ದೇಶ, ಹಿಮದ ದೇಶ, ಹೋಲಿಸಬೇಡಿ ಅನ್ನಬಹುದು. ಸರಿ. ದುಡ್ಡನ್ನು ಹೋಲಿಸುವುದು ಬೇಡ, ಮಗುವನ್ನು ನೋಡುವ ಕಣ್ಣನ್ನಾದರೂ ಹೋಲಿಸೋಣ.

ನಮ್ಮ ರಾಜ್ಯ ಸರ್ಕಾರಗಳ ಮಾತೂ ಬರಲೇಬೇಕು. ಸಂವಿಧಾನದಲ್ಲಿ ಕ್ರೀಡೆ ಇರುವುದು ರಾಜ್ಯಗಳ ಪಟ್ಟಿಯಲ್ಲಿ, 33ನೇ ನಮೂದಿನಲ್ಲಿ, ನಾಟಕ, ಸಿನಿಮಾ, ಮನರಂಜನೆಯ ಜೊತೆ. ಅಂದರೆ ಜವಾಬ್ದಾರಿ ಬೆಂಗಳೂರಿನದು. 2025ರ ಜನವರಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದವರು ಇಬ್ಬರು ಇದ್ದರು. ನಮ್ಮ ಸರ್ಕಾರ ಐದೈದು ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ ಎರಡೂಕಾಲು ಕೋಟಿ, ಜೊತೆಗೆ ಸರ್ಕಾರಿ ನೌಕರಿ ಕೊಟ್ಟಿತು. ನಮ್ಮ ಇಬ್ಬರೂ ಆ ಐದು ಲಕ್ಷ ಬೇಡ ಅಂದರು. ಖೋ-ಖೋ ಆಡಿದವನಾಗಿ ನನಗೆ ಅವತ್ತು ಅವರ ಬಗ್ಗೆ ಎಷ್ಟು ಗೌರವ ಬಂತು ಅಂತ ಹೇಳಲಾರೆ.

ಅದಾಗಿ ಐದೇ ತಿಂಗಳಿಗೆ ಐಪಿಎಲ್ ಗೆದ್ದ ಒಂದು ಖಾಸಗಿ ತಂಡಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಆಯಿತು. ಅದೇ ದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ಜಾಸ್ತಿ ಚಿಕ್ಕ ವಯಸ್ಸಿನವರೇ. ಆ ಮಕ್ಕಳ ಫೋಟೊ ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ ಬರುತ್ತದೆ, ಆಡಲು ಜಾಗ ಸಿಗದ ಮಕ್ಕಳು ನೋಡಲು ಓಡುತ್ತಾರೆ. ಗೇಟಿನ ಒಳಗೆ ಹೋಗಲಿಕ್ಕೆ ಆಗದೆ ಸಾಯುತ್ತಾರೆ.

ಇನ್ನು ಶಾಲೆ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು ಅಂತ ಇದೆ. ಆರರಿಂದ ಎಂಟನೇ ಕ್ಲಾಸಿನವರೆಗೆ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಾದರೂ ಬೇಕು ಅಂತ ಇದೆ. ಕಾನೂನು ಇದೆ. ನನಗೆ ಗೊತ್ತಿರುವ ಒಬ್ಬ ಪಿಟಿ ಮೇಷ್ಟ್ರು ಇದ್ದಾರೆ, ಶಾಲೆಯ ಹೆಸರು ಬೇಡ. ಅವರ ದಿನ ಹೇಗೆ ಹೋಗುತ್ತದೆ ಅಂತ ಒಂದು ದಿನ ಜೊತೆಗಿದ್ದು ನೋಡಿದ್ದೇನೆ. ಬೆಳಿಗ್ಗೆ ಪ್ರಾರ್ಥನೆ, ಸಾಲು ನಿಲ್ಲಿಸುವುದು. ಆಮೇಲೆ ಹಾಲಿನ ಪುಡಿಯ ಲೆಕ್ಕ. ಆಮೇಲೆ ಮೊಟ್ಟೆಯ ಲೆಕ್ಕ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮಧ್ಯೆ ಗ್ಯಾಸ್ ಸಿಲಿಂಡರ್ ಬಂತು ಅಂತ ಫೋನು. ಊಟ ಮುಗಿದ ಮೇಲೆ ಯಾರೋ ರಜೆ ಹಾಕಿದ್ದಾರೆ ಅಂತ ಐದನೇ ಕ್ಲಾಸಿಗೆ ಕನ್ನಡ ಪಾಠ. ಕೊನೆಯ ಪೀರಿಯಡ್ ಆಟದ್ದು. ಅದನ್ನು ಗಣಿತದ ಟೀಚರ್ ಪೋರ್ಷನ್ ಮುಗಿದಿಲ್ಲ ಅಂತ ಕೇಳಿಕೊಂಡು ತೆಗೆದುಕೊಂಡರು. ಮೇಷ್ಟ್ರು ಆಟದ ಸಾಮಾನಿನ ಕೋಣೆ ಬೀಗ ತೆಗೆದು ತೋರಿಸಿದರು. ಗಾಳಿ ಇಲ್ಲದ ಎರಡು ವಾಲಿಬಾಲ್, ಮಧ್ಯದಲ್ಲಿ ಹರಿದ ನೆಟ್, ಒಂದು ಶಾಟ್‌ಪುಟ್ ಗುಂಡು. ಗುಂಡು ಮಾತ್ರ ಹೊಸದರಂತೆ ಇತ್ತು, ಅದಕ್ಕೆ ಏನೂ ಆಗುವುದಿಲ್ಲವಲ್ಲ.

"ಹೋಬಳಿ ಮಟ್ಟದ ಕ್ರೀಡಾಕೂಟ ಹತ್ರ ಬಂದಾಗ ಮಾತ್ರ ನಾನು ಪಿಟಿ ಮೇಷ್ಟ್ರು ಸರ" ಅಂದರು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಏಣಿ ಮಾತ್ರ ಚೆನ್ನಾಗಿ ಇಟ್ಟಿದ್ದಾರೆ. ಏಣಿಯ ಕೆಳಗೆ ನೆಲವೇ ಇಲ್ಲ. ಹತ್ತು ದಿನ ತಯಾರಿ, ಒಂದು ದಿನ ಓಟ, ಗೆದ್ದ ಇಬ್ಬರು ಮೇಲೆ ಹೋಗುತ್ತಾರೆ, ಉಳಿದ ಇನ್ನೂರು ಮಕ್ಕಳು ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿ ಮುಂದಿನ ವರ್ಷದವರೆಗೆ ಮನೆಗೆ ಹೋಗುತ್ತಾರೆ.

2019ರಲ್ಲಿ ಫಿಟ್ ಇಂಡಿಯಾ ಅಂತ ಶುರುವಾಯಿತು. ದಿನಕ್ಕೆ ಅರ್ಧ ಗಂಟೆ ವ್ಯಾಯಾಮ ಮಾಡಿ ಅಂತ ಸರ್ಕಾರ ಹೇಳುತ್ತದೆ. ಒಳ್ಳೆಯ ಮಾತೇ. ಆದರೆ ಎಲ್ಲಿ ಮಾಡಬೇಕು? ದಾವಣಗೆರೆಯಲ್ಲಿ ಈಗ ರಾತ್ರಿ ಹೊತ್ತು ಹಸಿರು ಟರ್ಫ್ ಮೇಲೆ ಲೈಟ್ ಹಾಕಿಕೊಂಡು ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಆಡುತ್ತಾರೆ. ಆಡಲಿ. ಮಂಡಕ್ಕಿ ಭಟ್ಟಿಯ ಹೆಣ್ಣುಮಗಳ ಮಗಳು ಎಲ್ಲಿ ಆಡಬೇಕು? ಆರೋಗ್ಯ ನಿನ್ನ ಕರ್ತವ್ಯ ಅಂತ ಹೇಳಿ ಜಾಗ ಕೊಡದಿರುವುದೂ ಒಂದು ಸಿದ್ಧಾಂತವೇ.

ನಮ್ಮ ಊರಿನವರೇ ಇದನ್ನು ಬೇರೆ ರೀತಿ ಮಾಡಿ ತೋರಿಸಿದ್ದರು. ಹಳೇ ದಾವಣಗೆರೆಯ ಗರಡಿ ಮನೆಗಳನ್ನು ನೋಡಿದವರಿಗೆ ಗೊತ್ತು. ಚಿತ್ರದುರ್ಗದ ಕೋಟೆಯ ಒಳಗೂ ಒಂದು ಗರಡಿ ಮನೆ ಇದೆ, ಕೋಟೆ ನೋಡಲು ಹೋದವರು ಒಮ್ಮೆ ಒಳಗೆ ಹೋಗಿ ಬನ್ನಿ. ಗರಡಿಗೆ ಫೀಸು ಇರಲಿಲ್ಲ. ಉಸ್ತಾದರು ಮುಸ್ಲಿಮರು ಇರಬಹುದು, ಪೈಲ್ವಾನರು ನಾಯಕರ ಹುಡುಗರು, ಕುರುಬರ ಹುಡುಗರು ಇರಬಹುದು, ಮಟ್ಟಿಗೆ, ಅಂದರೆ ಕುಸ್ತಿಯ ಕಣಕ್ಕೆ, ಇಳಿದರೆ ಎಲ್ಲರ ಮೈಗೂ ಒಂದೇ ಕೆಮ್ಮಣ್ಣು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಕುಸ್ತಿ ನೋಡಲು ಜನ ಸೇರುವುದು ಈಗಲೂ ಇದೆ. ನನ್ನ ದೂರು ಒಂದೇ, ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಅದನ್ನು ಸರಿ ಮಾಡುವುದು ಈ ಕಾಲದ ಸರ್ಕಾರದ ಕೆಲಸ ಆಗಿತ್ತು.

ಆದರೆ ಏನಾಯಿತು? 2023ರಲ್ಲಿ ದೇಶದ ದೊಡ್ಡ ದೊಡ್ಡ ಮಹಿಳಾ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಬೀದಿಯಲ್ಲಿ ಮಲಗಿದರು. ಕುಸ್ತಿ ಒಕ್ಕೂಟದ ಅಧ್ಯಕ್ಷರಾಗಿದ್ದ ಆಡಳಿತ ಪಕ್ಷದ ಸಂಸದರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆ. ಅದೇ ದಿನ ಅದೇ ಊರಲ್ಲಿ ಪೊಲೀಸರು ಅವರನ್ನು ಎಳೆದುಕೊಂಡು ಹೋದರು. ಡಿಸೆಂಬರಿನಲ್ಲಿ ಸಾಕ್ಷಿ ಮಲಿಕ್ ತಮ್ಮ ಶೂ ತೆಗೆದು ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟೆ ಅಂದರು. ಒಲಿಂಪಿಕ್ ಪದಕ ಗೆದ್ದ ಹೆಣ್ಣುಮಗಳು. ಕೋರ್ಟಿನಲ್ಲಿ ಏನು ತೀರ್ಮಾನ ಆಗುತ್ತದೋ ಆಗಲಿ. ಆದರೆ ಆ ಫೋಟೊಗಳನ್ನು ನಮ್ಮ ಓಣಿಯ ತಾಯಂದಿರೂ ನೋಡಿದ್ದಾರೆ. "ಅಷ್ಟು ದೊಡ್ಡವರಿಗೇ ಹಿಂಗಾದ್ರೆ ನಮ್ಮ ಮಗಳ ಗತಿ ಏನು?" ಅಂತ ನನ್ನನ್ನೇ ಕೇಳಿದ್ದಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಒಕ್ಕೂಟಗಳ ಸಮಿತಿಯಲ್ಲಿ ಮಹಿಳೆಯರು ಇರಲೇಬೇಕು ಅಂತ ಮಾಡಿದ್ದಾರೆ, ಕ್ರೀಡಾ ನ್ಯಾಯಮಂಡಳಿಯೂ ಇದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಅದು ಜಿಲ್ಲೆಯ ಹಾಸ್ಟೆಲ್ಲಿನವರೆಗೆ, ತಾಲ್ಲೂಕಿನ ಸೆಲೆಕ್ಷನ್‌ವರೆಗೆ ಇಳಿದು ಬರಬೇಕು.

"ಕ್ರಿಕೆಟ್ಟಿನ ವಿನಯ್ ಕುಮಾರ್ ಬಂದಿಲ್ವಾ ದಾವಣಗೆರೆಯಿಂದ?" ಅಂತ ಕೇಳುವವರು ಇದ್ದಾರೆ. ಬಂದರು. ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಹೆಸರು ಮಾಡಿದರು, ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ಗೆದ್ದು ಕೊಟ್ಟರು. ನಮ್ಮೆಲ್ಲರ ಪ್ರೀತಿಯ ಹುಡುಗ. ಅವರು ವ್ಯವಸ್ಥೆಯಿಂದ ಬಂದರಾ, ವ್ಯವಸ್ಥೆ ಇಲ್ಲದಿದ್ದರೂ ಬಂದರಾ ಅಂತ ಕೇಳಿಕೊಳ್ಳಿ.

ಮತ್ತೆ, ಈ ಹುಡುಗಿ ಮುಂದೆ ದೇಶಕ್ಕೆ ಆಡುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಬಹುಶಃ ಆಡುವುದಿಲ್ಲ. ನರ್ಸ್ ಆಗಬಹುದು, ಅಂಗಡಿ ಇಡಬಹುದು, ಏನು ಬೇಕಾದರೂ ಆಗಬಹುದು. ಪದಕ ತರುತ್ತಾಳೆ ಅಂದರೆ ಮಾತ್ರ ಅವಳಿಗೆ ಮೈದಾನ ಕೊಡುತ್ತೇವೆ ಅನ್ನುವ ಸರ್ಕಾರ ನನಗೆ ಬೇಡ, ಅದು ಯಾವ ಬಣ್ಣದ್ದಾದರೂ ಸರಿ. ಹನ್ನೆರಡು ವರ್ಷದ ಹುಡುಗಿಗೆ ಸಂಜೆ ಒಂದು ಗಂಟೆ ಭಯ ಇಲ್ಲದೆ ಬರಿಗಾಲಲ್ಲಿ ಓಡುವ ಜಾಗ ಬೇಕು. ಅದು ಅವಳ ಹಕ್ಕು.

ಗುರುವಾರ ಸಂಜೆ ಗ್ಯಾರೇಜಿನ ಹುಡುಗರಿಂದ ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದು ಹಗ್ಗ ಕಟ್ಟಿ ಮೈದಾನದಲ್ಲಿ ಎಳೆದೆವು. ಮಕ್ಕಳು ಸಾಲಾಗಿ ಹಿಂದೆ ಬಂದರು. ಕಂಬದಿಂದ ಕಂಬದವರೆಗೆ ಎಳೆಯುವಷ್ಟರಲ್ಲೇ ಒಂದು ಬಿಸ್ಕೆಟ್ ಡಬ್ಬಿ ಅರ್ಧ ತುಂಬಿತು. 61 ಮೊಳೆ, ಮಕ್ಕಳೇ ಎಣಿಸಿದರು. ಆ ಹುಡುಗಿಯೂ ಬಂದಿದ್ದಳು, ಅಮ್ಮನಿಗೆ ಹೇಳಿಯೇ ಬಂದೆ ಅಂದಳು. ಕಾಲಿಗೆ ಬ್ಯಾಂಡೇಜ್ ಇದ್ದದ್ದರಿಂದ ಕಲ್ಲಿನ ಮೇಲೆ ಕೂತು ನನ್ನ ಸೀಟಿ ಊದಿದಳು.

ಮೈದಾನದಲ್ಲಿ ಸಭೆ ಸಮಾರಂಭ ಮಾಡುವವರು ಮೊದಲೇ ಠೇವಣಿ ಇಡಬೇಕು, ಕೊನೆಯ ಮೊಳೆ ತೆಗೆದ ಮೇಲೆ ಅದನ್ನು ವಾಪಸ್ ಕೊಡಬೇಕು, ಸಂಜೆ ನಾಲ್ಕರಿಂದ ಏಳರವರೆಗೆ ಮಕ್ಕಳಿಗೇ ಬಿಡಬೇಕು ಅಂತ ಒಂದು ಅರ್ಜಿ ಬರೆದಿದ್ದೇವೆ. ಮೊದಲ ಸಹಿ ಅವಳ ತಾಯಿಯದು. ಭಾನುವಾರ ಸಂಜೆ ಐದಕ್ಕೆ ಸಹಿ ಹಾಕಲು ಬನ್ನಿ, ಯಾವ ಪಕ್ಷದವರಾದರೂ ಬನ್ನಿ. ಚಪ್ಪಲಿ ಮಾತ್ರ ಬಿಡಬೇಡಿ, ವೇದಿಕೆ ಇದ್ದ ಮೂಲೆಯಲ್ಲಿ ಇನ್ನೂ ಮ್ಯಾಗ್ನೆಟ್ ಎಳೆದಿಲ್ಲ.